ಎಲೆ ಕಿತ್ತ ಮೋಗ್ರಾ

ಹುಮನಾಬಾದ
20-11-1967

ಬೀಗತಿ ಯಶೋದಾಬಾಯಿಯವರಿಗೆ ತುಳಜಾಬಾಯಿಯ ನಮಸ್ಕಾರ.

ಪತ್ರದ ಮೊದಲಿಗೆ ಕ್ಷೇಮ ಕೇಳುವುದು ಪದ್ಧತಿ. ಕೇಳಿದ್ದೇನೆ ಎಂದುಕೊಳ್ಳಿ.

ನಿಮ್ಮ ಮಗಳು ಮೀರಾಗೆ ನಾಲ್ಕು ತಿಂಗಳು ನಡೆದಿದೆ. ಸುದ್ದಿಯನ್ನು ಅವಳೇ ಬರೆಯುತ್ತೇನೆಂದಳು. ನಾನು ಬೇಡವೆಂದೆ. ಸುದ್ದಿಯ ಜೊತೆಗೆ ಒಂದು ಶರತ್ತು ಇದೆ, ಅದನ್ನು ಅವಳು ಬರೆಯುವವಳಲ್ಲ.

ಎರಡೂವರೆ ವರ್ಷದ ಹಿಂದೆ ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸಬೇಕೆಂದು ಕಳಿಸಿದ್ದೆವು. ಐದು ದಿನದ ಹೆಣ್ಣು ಕೂಸು ನಿಮ್ಮ ಮನೆಯಿಂದಲೇ ಮಣ್ಣಿಗೆ ಹೋಯಿತು. ಬಾಣಂತಿಯ ಕೋಣೆಯ ಕಿಟಕಿಗೆ ಹತ್ತಿಕೊಂಡು ನಿಮ್ಮ ಆ ಮೋಗ್ರಾ ಮಲ್ಲಿಗೆಯ ಗಿಡ. ವೈಶಾಖ ಮಾಸ, ಮೈತುಂಬ ಹೂವು, ಬೀದಿಯ ತುದಿಗೆ ವಾಸನೆ. ಹಸಿ ಬಾಣಂತಿ ಮಲಗಿದಲ್ಲಿ ಅಂಥ ವಾಸನೆ ಸುಳಿಯಬಾರದು, ಅದರ ಬೆನ್ನು ಹಿಡಿದು ಕೆಟ್ಟ ಗಾಳಿ ಒಳಗೆ ಬರುತ್ತದೆ ಎಂಬುದು ನಮ್ಮ ಕಡೆ ಎಮ್ಮೆ ಕಾಯುವವರಿಗೂ ಗೊತ್ತು. ಶಾಲೆಯಲ್ಲಿ ಪಾಠ ಹೇಳುವ ನಿಮಗೆ ಗೊತ್ತಿರಲಿಲ್ಲ.

ಆ ಗಿಡವನ್ನು ಬೇರುಸಮೇತ ಕೀಳಿಸಿ. ಕಿತ್ತ ಸುದ್ದಿ ಬಂದರೆ ಏಳನೆಯ ತಿಂಗಳಲ್ಲಿ ಕುಬುಸ ಮಾಡಿ ಮೀರಾಳನ್ನು ಕಳಿಸುತ್ತೇನೆ. ಇಲ್ಲವಾದರೆ ಹೆರಿಗೆ ಹುಮನಾಬಾದದಲ್ಲೇ.

ತುಳಜಾಬಾಯಿ


ಬಸವಕಲ್ಯಾಣ
29-11-1967

ಸೌಭಾಗ್ಯವತಿ ತುಳಜಾಬಾಯಿಯವರಿಗೆ ನಮಸ್ಕಾರ.

ಇನ್ನು ಮುಂದೆ ದಯವಿಟ್ಟು ಬಿಚ್ಚು ಕಾರ್ಡಿನಲ್ಲಿ ಬರೆಯಬೇಡಿ. ಮಗಳಿಗೆ ನಾಲ್ಕು ತಿಂಗಳೆಂಬುದನ್ನು ಟಪಾಲಿನ ದತ್ತಾತ್ರಿ ನನಗಿಂತ ಮೊದಲೇ ಓದಿ, ಬಾಗಿಲಲ್ಲಿ ನಿಂತು ಪೇಡೆ ಕೇಳಿದ. ಶರತ್ತನ್ನೂ ಓದಿದ್ದಾನೆ. ಅಂಗಳ ದಾಟುವಾಗ ಗಿಡದ ಕಡೆ ಒಂದು ನಮೂನೆ ನೋಡಿಕೊಂಡು ಹೋದ.

ಆ ಗಿಡ ಹ್ಯಾಗೆ ಬಂತೆಂದು ನಿಮಗೆ ತಿಳಿದಿರಲಿ. ನಾನು ಮೊದಲು ನೌಕರಿಗೆ ಸೇರಿದ್ದು ನಾರಾಯಣಪುರದ ಶಾಲೆಗೆ. ಅಲ್ಲಿ ಒಬ್ಬರ ಬಾವಿಯ ದಂಡೆಯಲ್ಲಿ ಮೋಗ್ರಾ ಇತ್ತು. ಅದರ ಒಂದು ಟೊಂಗೆಯನ್ನು ಕತ್ತರಿಸದೆ ಬಗ್ಗಿಸಿ, ಕುಂಡದ ಮಣ್ಣಿನಲ್ಲಿ ಹೂತು, ಮೇಲೆ ಕಲ್ಲು ಹೇರಿ ಒಂದು ಮಳೆಗಾಲ ಕಾದೆ. ಬೇರು ಬಿಟ್ಟ ಮೇಲೆ ತಾಯಿಗಿಡದಿಂದ ಬಿಡಿಸಿ ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂಡಿಯಲ್ಲಿ ಬಂದೆ. ಮೊದಲಿನ ಎರಡು ವರ್ಷ ಒಂದು ಹೂವನ್ನೂ ಅರಳಲು ಬಿಡಲಿಲ್ಲ. ಮೊಗ್ಗು ಕಂಡ ಕೂಡಲೇ ಚಿವುಟಿದೆ, ಗಿಡ ಅಗಲವಾಗಲಿ ಎಂದು. ಮೀರಾಳ ಮದುವೆಯಾದ ವರ್ಷ ನಿಮ್ಮ ಯಜಮಾನರು ಮಡೆಪ್ಪನವರೇ ಎರಡು ಚೀಲ ಕುರಿಗೊಬ್ಬರ ತಂದು ಅದರ ಬುಡಕ್ಕೆ ಸುರಿದು ಹೋದರು. ಆಗ ಅದು ಒಳ್ಳೆಯ ಗಿಡವಾಗಿತ್ತು.

ಕೂಸಿಗೆ ಬಂದದ್ದು ಜ್ವರ. ಮೂರನೆಯ ದಿನದಿಂದ ಮೊಲೆ ಹಿಡಿಯಲಿಲ್ಲ. ನಲವತ್ತು ವರ್ಷ ಸೂಲಗಿತ್ತಿಯಾಗಿರುವ ಜೈನಬಿ ಪಕ್ಕದಲ್ಲೇ ಇದ್ದಳು, ಡಾಕ್ಟರು ಎರಡು ಸಲ ಬಂದು ಹೋದರು. ಅವರಲ್ಲಿ ಯಾರೂ ಕಿಟಕಿಯ ಹೊರಗೆ ಬೆರಳು ಮಾಡಲಿಲ್ಲ. ಬೆರಳು ಮಾಡಿದವರು ನೀವೊಬ್ಬರೇ.

ಗಿಡ ಕೀಳುವುದಿಲ್ಲ. ಇವತ್ತು ಕಿತ್ತರೆ, ಮೊಮ್ಮಗಳ ಸಾವು ನನ್ನಿಂದ ಆಯಿತೆಂದು ನಾನೇ ಬರೆದು ಸಹಿ ಮಾಡಿ ಕೊಟ್ಟಂತೆ. ಅದು ನನ್ನಿಂದ ಆಗದು. ಮಗಳ ಹೆರಿಗೆ ಮಾತ್ರ ಇಲ್ಲಿಯೇ ಆಗಬೇಕು. ಒಂದು ಕೂಸು ಹೋದ ಮನೆಯಲ್ಲಿಯೇ ಇನ್ನೊಂದು ಹುಟ್ಟಿ ಉಳಿಯಬೇಕು. ಹಾಗಾದರೆ ಮಾತ್ರ ಈ ಊರಲ್ಲಿ ನಾನು ತಲೆ ಎತ್ತಿ ನಡೆದೇನು.

ಯಶೋದಾಬಾಯಿ


ಹುಮನಾಬಾದ
15-12-1967

ಯಶೋದಾಬಾಯಿಯವರಿಗೆ,

ಮತ್ತೆ ಕಾರ್ಡಿನಲ್ಲೇ ಬರೆದಿದ್ದೇನೆ. ದತ್ತಾತ್ರಿ ಓದಲಿ. ನಾನು ಮುಚ್ಚಿಡುವಂಥದ್ದು ಏನೂ ಮಾಡಿಲ್ಲ.

ನಿಮ್ಮ ಪತ್ರವನ್ನು ಮಗ ಏಕನಾಥನಿಂದ ಎರಡು ಸಲ ಓದಿಸಿಕೊಂಡೆ. ಗಿಡ ಬೆಳೆಸಿದ ಕಥೆ ಬಹಳ ಚೆನ್ನಾಗಿದೆ. ಕೂಸಿನ ಬಗ್ಗೆ ನಾಲ್ಕು ಸಾಲು, ಗಿಡದ ಬಗ್ಗೆ ಒಂದು ಪುಟ. ಗೊಬ್ಬರ ಕೊಟ್ಟದ್ದಕ್ಕೆ ನಮ್ಮ ಯಜಮಾನರು ಈಗ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಾರೆ.

ಆ ದಿನ ನಿಮ್ಮ ಸುದ್ದಿ ಸಿಕ್ಕ ಕೂಡಲೇ ಹೊರಟೆ. ಮಧ್ಯಾಹ್ನದ ಮೋಟಾರು ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬಂದೆ. ನೀವು ಆಗಲೇ ಕೂಸನ್ನು ಒಯ್ದಿದ್ದಿರಿ. ಬಿಸಿಲು ಬಹಳ, ತಡೆಯಲಾಗಲಿಲ್ಲ ಎಂದಿರಿ. ನನ್ನ ಮಗನ ಮಗಳು, ಅವಳ ಮುಖ ನಾನು ನೋಡಲಿಲ್ಲ. ಬಾಗಿಲಲ್ಲಿ ನಿಂತು ನಾನು ನೋಡಿದ್ದು ನಿಮ್ಮ ಗಿಡವನ್ನು. ಸತ್ತ ಮನೆಯ ಅಂಗಳದಲ್ಲಿ ನಾಚಿಕೆಯಿಲ್ಲದೆ ಅಷ್ಟು ಹೂ ಬಿಟ್ಟು ನಿಂತಿತ್ತು. ಅವತ್ತಿನಿಂದ ಪೇಟೆಯಲ್ಲಿ ಮೋಗ್ರಾ ಮಾರುವವಳು ಎದುರಾದರೆ ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟುತ್ತೇನೆ.

ಶರತ್ತು ಹೇಳಿದ್ದೇನೆ. ಬದಲಾಗುವುದಿಲ್ಲ.

ತುಳಜಾಬಾಯಿ


ಬಸವಕಲ್ಯಾಣ
16-1-1968

ತುಳಜಾಬಾಯಿಯವರಿಗೆ,

ಸಂಕ್ರಮಣಕ್ಕೆ ಅಳಿಯಂದಿರು ಬಂದದ್ದು ಸಂತೋಷ. ಅವರ ಕೈಯಲ್ಲೇ ಈ ಚೀಟಿ, ಒಂದು ಡಬ್ಬಿ ಎಳ್ಳಿನುಂಡೆ ಕಳಿಸುತ್ತಿದ್ದೇನೆ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ ಎಂದು ಹೇಳುವ ಹಬ್ಬ. ನಿಮಗೆ ಅಷ್ಟು ತೊಂದರೆ ಕೊಡುವುದಿಲ್ಲ, ತಿಂದರೆ ಸಾಕು.

ಅಳಿಯಂದಿರು ಊಟ ಮುಗಿಸಿ ಅಂಗಳದಲ್ಲಿ ನಿಂತಿದ್ದಾರೆ. ಮೋಟಾರಿಗೆ ಹೊತ್ತಾಯಿತು. ಕೈ ತೊಳೆದವರು ಟವೆಲ್ಲು ಕೇಳುವುದನ್ನೂ ಮರೆತು ಗಿಡದ ಹತ್ತಿರ ನಿಂತಿದ್ದಾರೆ. ಏನು ಎಂದು ಕೇಳಿದರೆ ಏನಿಲ್ಲ ಅನ್ನುತ್ತಾರೆ. ಮೀರಾಗೆ ಉಣ್ಣಲು ಏನು ಕೊಡುತ್ತಿದ್ದೀರಿ? ಮೊದಲ ಸಲ ಅವಳಿಗೆ ಅನ್ನ ಕಂಡರೆ ಆಗುತ್ತಿರಲಿಲ್ಲ, ಜೋಳದ ಗಂಜಿ ಸೇರುತ್ತಿತ್ತು. ಇದನ್ನು ಬೇಡುವ ಧ್ವನಿಯಲ್ಲಿ ಓದಬೇಡಿ.

ಯಶೋದಾಬಾಯಿ


ಹುಮನಾಬಾದ
30-1-1968

ಸೌಭಾಗ್ಯವತಿ ಬೀಗತಿ ಯಶೋದಾಬಾಯಿಯವರಿಗೆ ತುಳಜಾಬಾಯಿಯ ನಮಸ್ಕಾರ. ನಾವು ಕ್ಷೇಮ. ನೀವೂ ಕಾಶಿರಾಮ ಬೀಗರೂ ಕ್ಷೇಮವೆಂದು ನಂಬಿದ್ದೇನೆ.

ಏಕನಾಥ ಮನೆಗೆ ಬಂದವನೇ ಹೇಳಿದ: "ಅವ್ವಾ, ಮೋಗ್ರಾ ಒಣಗ್ಯಾದ. ಒಂದು ಎಲಿ ಸುದ್ದಾ ಇಲ್ಲ, ಬರೇ ಕಡ್ಡಿ ನಿಂತಾವ. ಬುಡದ ಮಣ್ಣೂ ತೋಡಿ ತಗದಾರ."

ಬಾಯಿ ಬಿಟ್ಟು ಹೇಳಲು ನಿಮಗೆ ಬಿಗುಮಾನ, ಆದರೆ ನನ್ನ ಮಾತಿಗೆ ಬೆಲೆ ಕೊಟ್ಟಿರಿ. ನೀರು ಬಿಡದೆ ಕೊಂದಿರೋ, ಬುಡಕ್ಕೆ ಏನಾದರೂ ಹಾಕಿದಿರೋ ನಾನು ಕೇಳುವುದಿಲ್ಲ. ಒಣಗಿದ ಕಡ್ಡಿಗಳನ್ನೂ ಕೀಳಿಸಿ ಒಲೆಗೆ ಹಾಕಿಬಿಡಿ. ಇಷ್ಟು ಬೇಗ ಬುದ್ಧಿ ಬರುತ್ತದೆಂದು ತಿಳಿದಿರಲಿಲ್ಲ. ಓಣಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ನಮ್ಮ ಬೀಗತಿ ಎಷ್ಟು ಓದಿದವರಾದರೂ ಹಿರಿಯರ ಮಾತು ಮೀರುವವರಲ್ಲ ಎಂದು.

ಫೆಬ್ರುವರಿ 11ಕ್ಕೆ ಕುಬುಸ. ಬೀಗರನ್ನೂ ಕರೆದುಕೊಂಡು ಬನ್ನಿ. ಮರುದಿನ ಮಗಳನ್ನು ಕರೆದೊಯ್ಯಿರಿ.

ಎಳ್ಳಿನುಂಡೆ ಸ್ವಲ್ಪ ಗಟ್ಟಿಯಾಗಿದ್ದವು. ತಿಂದೆವು.

ನಿಮ್ಮ
ತುಳಜಾಬಾಯಿ


ಬಸವಕಲ್ಯಾಣ
4-3-1968

ತುಳಜಾಬಾಯಿಯವರಿಗೆ,

ಮೀರಾ ಇಲ್ಲಿಗೆ ಬಂದು ಮೂರು ವಾರವಾಯಿತು. ಊಟ ಸೇರುತ್ತಿದೆ, ಕಾಲಿನ ಬಾವು ಇಳಿದಿದೆ. ಜೈನಬಿ ದಿನ ಬಿಟ್ಟು ದಿನ ಬಂದು ನೋಡುತ್ತಾಳೆ. ಇದಿಷ್ಟನ್ನೇ ಬರೆದು ಪತ್ರ ಮುಗಿಸಬೇಕೆಂದು ಮೂರು ಸಲ ಕೂತೆ. ಮೂರು ಸಲವೂ ಹರಿದು ಹಾಕಿದೆ.

ಗಿಡ ಸತ್ತಿಲ್ಲ.

ಮೋಗ್ರಾ ವರ್ಷವಿಡೀ ಹಸಿರಾಗಿರುವ ಗಿಡ. ಹಾಗೇ ಬಿಟ್ಟರೆ ಎಲೆಯನ್ನೇ ಬೆಳೆಸಿಕೊಂಡು ಸುಖವಾಗಿರುತ್ತದೆ, ಹೂವಿನ ಕಡೆ ಮನಸ್ಸು ಮಾಡುವುದಿಲ್ಲ. ಅದಕ್ಕೆ ದೀಪಾವಳಿ ಕಳೆದ ಮೇಲೆ ನೀರು ಕಡಿಮೆ ಮಾಡುತ್ತೇವೆ. ಪುಷ್ಯದಲ್ಲಿ ನೀರು ಪೂರಾ ನಿಲ್ಲಿಸಿ, ಎಲೆಗಳನ್ನು ಕೈಯಿಂದ ಕಿತ್ತು, ಟೊಂಗೆ ಕತ್ತರಿಸಿ, ಬುಡದ ಮಣ್ಣು ತೆಗೆದು ಬೇರಿಗೆ ಬಿಸಿಲು ತೋರಿಸುತ್ತೇವೆ. ಆಮೇಲೆ ಗೊಬ್ಬರ ಕೊಟ್ಟು ಮಣ್ಣು ಮುಚ್ಚಿ ನೀರು ಬಿಟ್ಟರೆ ಚೈತ್ರ ವೈಶಾಖದಲ್ಲಿ ಎಲೆಗಿಂತ ಹೂವೇ ಹೆಚ್ಚು. ಇದು ಹೂವಿನ ತೋಟದವರೆಲ್ಲ ಮಾಡುವ ಕೆಲಸ. ಅಳಿಯಂದಿರು ಎಮ್ಮೆಯ ನಡುವೆ ಬೆಳೆದವರು, ಬೋಳು ಗಿಡ ನೋಡಿ ಸತ್ತಿದೆ ಎಂದುಕೊಂಡರು. ಸತ್ತಿದೆ ಎಂದು ನಾನು ಎಲ್ಲಿಯೂ ಬರೆದಿಲ್ಲ, ನನ್ನ ಚೀಟಿ ತೆಗೆದು ನೋಡಿ.

ಅಲ್ಲ ಎಂದೂ ಹೇಳಲಿಲ್ಲ, ಅದು ನಿಜ. ನಿಮ್ಮ ಪತ್ರ ಬಂದಾಗ ಮಗಳು ಬರುತ್ತಾಳೆಂಬ ಆಸೆಗೆ ನಾಲಿಗೆ ಹೊರಳಲಿಲ್ಲ. ಮೀರಾ ಬಂದ ದಿನವೇ ಅಂಗಳಕ್ಕೆ ಹೋಗಿ ನೋಡಿದಳು. ಗೆಣ್ಣು ಗೆಣ್ಣಿಗೂ ಹಸಿರು ಒಡೆದಿತ್ತು. "ಅವ್ವಾ, ಇದು ಚಿಗತಾದ. ಅತ್ತಿಯವರಿಗಿ ಹೇಳಬ್ಯಾಡ, ನಾ ಇಲ್ಲೇ ಇರತೀನಿ" ಅಂದಳು. ನಾನೂ ಹೂಂ ಅಂದೆ.

ಆದರೆ ತುಳಜಾಬಾಯಿಯವರೇ, ಕುಬುಸದ ದಿನ ನಿಮ್ಮ ಪಡಸಾಲೆಯಲ್ಲಿ ಏನಾಯಿತೆಂದು ನಿಮಗೆ ನೆನಪಿರಬೇಕು. ಅರಿಶಿನ ಕುಂಕುಮಕ್ಕೆ ಬಂದ ಒಬ್ಬೊಬ್ಬರೂ ನನ್ನ ಕೈ ಹಿಡಿದು, ಬೀಗತಿಯ ಮಾತು ಕೇಳಿ ಗಿಡ ತೆಗೆಸಿದಿರಂತೆ, ಒಳ್ಳೆಯದು ಮಾಡಿದಿರಿ, ತಪ್ಪು ತಿಳಿದರೆ ತಿದ್ದಿಕೊಳ್ಳಬೇಕು ಎಂದರು. ಒಬ್ಬಳು ನನ್ನ ಬೆನ್ನು ಸವರಿದಳು. ನೀವು ಆರತಿ ತಟ್ಟೆ ಹಿಡಿದು ನಗುತ್ತಿದ್ದಿರಿ. ನಾನು ಬಾಯಿಗೆ ಬೀಗ ಹಾಕಿಕೊಂಡು, ಮೊಮ್ಮಗಳನ್ನು ಕೊಂದು ಪಶ್ಚಾತ್ತಾಪ ಪಟ್ಟವಳ ಹಾಗೆ ಕೂತಿದ್ದೆ. ಆ ಕೈ ಇನ್ನೂ ಬೆನ್ನ ಮೇಲಿದೆ. ಮೂರು ವಾರದಿಂದ ನನಗೆ ನಿದ್ದೆಯಿಲ್ಲ.

ಗಿಡ ಜೀವಂತವಿದೆ. ಮೊಗ್ಗು ಹಿಡಿದಿದೆ. ನಿಮ್ಮ ಓಣಿಯವರಿಗೆ ಇದನ್ನೂ ಹೇಳಿ.

ಯಶೋದಾಬಾಯಿ


ಹುಮನಾಬಾದ
9-3-1968

ಗುರುವಾರ ಏಕನಾಥನೊಡನೆ ಬರುತ್ತೇನೆ. ಮೀರಾಳ ಗಂಟು ಕಟ್ಟಿಡಿ. ನಾನು ಒಳಗೆ ಬರುವುದಿಲ್ಲ, ನೀರನ್ನೂ ಕೇಳುವುದಿಲ್ಲ.

ತುಳಜಾಬಾಯಿ


ಬಸವಕಲ್ಯಾಣ
20-3-1968

ತುಳಜಾಬಾಯಿಯವರಿಗೆ,

ಈ ಮೋಟಾರಿನಲ್ಲಿ ಒಂದು ಗಂಟು ಕಳಿಸಿದ್ದೇನೆ. ಅಳವಿ, ಒಣಶುಂಠಿ, ಉತ್ತತ್ತಿ, ಅಂಟು, ಎರಡು ಸೇರು ಹಸುವಿನ ತುಪ್ಪ, ಹಳೆಯ ಮೆತ್ತನೆಯ ಸೀರೆಯಲ್ಲಿ ಹೊಲಿದ ಹನ್ನೆರಡು ಬಟ್ಟೆ. ಬಾಣಂತನಕ್ಕೆಂದು ಕೂಡಿಟ್ಟದ್ದು. ಅದರ ಮೇಲೆ ಸಿಟ್ಟು ತೀರಿಸಿಕೊಂಡು ಹಿಂದಕ್ಕೆ ಕಳಿಸಬೇಡಿ. ತುಪ್ಪಕ್ಕೆ ಯಾವ ವಾಸನೆಯೂ ತಾಗಿಲ್ಲ.

ಮೋಟಾರು ಹತ್ತುವಾಗ ಮೀರಾ ನನಗೆ ಹೇಳಿದ್ದನ್ನು ನೀವೂ ಕೇಳಿದಿರಿ. "ನಿನಗ ನಾ ಬೇಕಾಗಿದ್ದಿಲ್ಲವ್ವಾ. ಗೆಲ್ಲೋದು ಬೇಕಾಗಿತ್ತು." ನಿಮಗೆ ಹೊಟ್ಟೆ ತಣ್ಣಗಾಗಿರಬೇಕು. ಏಳೂವರೆ ತಿಂಗಳ ಬಸುರಿಯನ್ನು ಬಿಸಿಲಲ್ಲಿ ಎರಡು ಸಲ ಕುಲುಕಾಡಿಸಿದ್ದಕ್ಕೆ ನೀವೂ ಕಾರಣ, ನಾನೂ ಕಾರಣ. ನಾನು ನನ್ನ ಪಾಲು ಬರೆದಿದ್ದೇನೆ. ನಿಮ್ಮ ಪಾಲನ್ನು ನೀವು ಯಾವತ್ತೂ ಬರೆದವರಲ್ಲ.

ನಮ್ಮ ಮನೆಯವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಹೆರಿಗೆಯಾದ ದಿನ ಒಂದು ಕಾರ್ಡು ಹಾಕಿಸಿ.

ಯಶೋದಾಬಾಯಿ


ಹುಮನಾಬಾದ
9-5-1968

ಯಶೋದಾಬಾಯಿಯವರಿಗೆ,

ಏಪ್ರಿಲ್ 27ಕ್ಕೆ ಹೆಣ್ಣು ಹುಟ್ಟಿತೆಂದು ಏಕನಾಥ ಬರೆದ ಕಾರ್ಡು ಮುಟ್ಟಿರಬೇಕು. ಹೆಸರಿಡುವ ತನಕ ಬರಬೇಡಿ ಎಂದು ಅದರಲ್ಲಿ ಬರೆಸಿದವಳು ನಾನು. ನೀವು ಬರಲಿಲ್ಲ. ಬಂದುಬಿಡುತ್ತೀರಿ ಎಂದುಕೊಂಡಿದ್ದೆ, ಜಗಳಕ್ಕೆ ಮಾತುಗಳನ್ನೂ ಜೋಡಿಸಿಟ್ಟಿದ್ದೆ.

ಆರನೆಯ ದಿನ ಹಣೆಬರಹ ಬರೆಯಲು ಬರುವ ಸಟವಿಗೆ ಪೂಜೆ ಮಾಡಿ ಎದ್ದೆವು. ಸಂಜೆಗೆ ಕೂಸಿನ ಮೈ ಕಾದಿತು. ಮರುದಿನ ಮೊಲೆ ಬಿಟ್ಟಿತು. ಸರಕಾರಿ ದವಾಖಾನೆಯ ಡಾಕ್ಟರು ಸೂಜಿ ಚುಚ್ಚಿ ಹೋದರು. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು, "ಇಲ್ಲೂ ಹಿಂಗ್ಯಾಕ ಆಗಾಕತ್ತದ?" ಎಂದು ಕೇಳಿದರು.

ನಾನು ಎದ್ದು ಅಂಗಳಕ್ಕೆ ಹೋದೆ. ನಮ್ಮ ಅಂಗಳದಲ್ಲಿ ಎಮ್ಮೆ ಕಟ್ಟುವ ಗೂಟಗಳಿವೆ, ಕಣಿಕೆಯ ಬಣವೆಯಿದೆ, ಸಗಣಿಯ ಗುಂಡಿಯಿದೆ. ಹೂವಿನ ಗಿಡ ಒಂದೂ ಇಲ್ಲ. ಇಲ್ಲದ ಹಾಗೆ ನಾನೇ ನೋಡಿಕೊಂಡಿದ್ದೆ. ಕಿಟಕಿಗೆ ಕಂಬಳಿ ಹೊದಿಸಿದ್ದೆ. ಬಂದವರ ತಲೆಯಲ್ಲಿ ಹೂವಿದ್ದರೆ ಬಾಗಿಲಲ್ಲೇ ತೆಗೆಸಿದ್ದೆ. ಏನನ್ನು ಕೀಳಲಿ ಎಂದು ಅಂಗಳದ ನಡುವೆ ಸುತ್ತಲೂ ನೋಡಿದೆ. ಕೀಳುವಂಥದ್ದು ಏನೂ ಸಿಗಲಿಲ್ಲ ಯಶೋದಾಬಾಯಿ. ಎಮ್ಮೆಗಳು ನನ್ನನ್ನೇ ನೋಡುತ್ತಿದ್ದವು.

ಆಗ ನನಗೆ ಹೆದರಿಕೆಯಾಯಿತು. ಈ ಕೂಸೂ ಹೋದರೆ ನೀವು ನನಗೆ ಏನು ಬರೆಯುತ್ತೀರಿ ಎಂದು ನಾಲ್ಕು ದಿನ ತಲೆಯಲ್ಲಿ ನಾನೇ ಬರೆದುಕೊಂಡೆ. ಹೊಸ ಮಾತು ಹುಡುಕಬೇಕಾಗಲಿಲ್ಲ. ಎಲ್ಲವೂ ನಾನು ನಿಮಗೆ ಬರೆದವೇ.

ಜ್ವರ ಬಂದ ಐದನೆಯ ದಿನ ಬೆಳಿಗ್ಗೆ ಕೂಸು ಮೊಲೆ ಹಿಡಿಯಿತು. ಈಗ ಚೆನ್ನಾಗಿದೆ, ಅಳುವುದನ್ನು ನೋಡಿದರೆ ನಿಮ್ಮನ್ನೇ ಹೋಲುತ್ತದೆ. ಮೀರಾ ಎದ್ದು ಕೂತಿದ್ದಾಳೆ.

ಕ್ಷಮೆ ಕೇಳಲು ನನಗೆ ಬರುವುದಿಲ್ಲ, ನಾನು ಓದಿದ ನಾಲ್ಕನೆಯ ಇಯತ್ತೆಯವರೆಗೆ ಅದನ್ನು ಕಲಿಸಲಿಲ್ಲ. ಗಿಡ ಇರಲಿ, ಕೀಳಬೇಡಿ. ಆ ಗಿಡದಿಂದ ಏನೂ ಆಗಿರಲಿಲ್ಲ. ಇದನ್ನು ಓಣಿಯವರ ಎದುರಿಗೂ ಹೇಳುತ್ತೇನೆ.

ತುಳಜಾಬಾಯಿ


ಬಸವಕಲ್ಯಾಣ
13-5-1968

ತುಳಜಾಬಾಯಿಯವರಿಗೆ,

ನಿಮ್ಮ ಪತ್ರ ನಿನ್ನೆ ಬಂತು. ಮೂರು ವರ್ಷದಿಂದ ನಾನು ಕಾಯುತ್ತಿದ್ದ ಮಾತು ಅದರಲ್ಲಿದೆ. ಓದಿದ ಮೇಲೆ ಅದನ್ನು ನಮ್ಮ ಮನೆಯವರಿಗೆ ತೋರಿಸಿ ಕುಣಿಯುತ್ತೇನೆ ಎಂದುಕೊಂಡಿದ್ದೆ. ತೋರಿಸಿದೆ. ಅವರು ಓದಿ ಮಡಚಿ ಕೊಟ್ಟರು. ಆಮೇಲೆ ಇಬ್ಬರಿಗೂ ಊಟ ಸೇರಲಿಲ್ಲ.

ನೀವು ಇಷ್ಟು ನೇರವಾಗಿ ಬರೆದ ಮೇಲೆ ನಾನು ಮುಚ್ಚಿಡುವುದು ನ್ಯಾಯವಲ್ಲ. ಎಲೆ ಕಿತ್ತು ಬೇರು ತೋರಿಸಿದ ಮೋಗ್ರಾವನ್ನು ಬಿಸಿಲಿಗೆ ಬಿಡುವುದು ಹದಿನೈದು ದಿನ. ಈ ವರ್ಷ ನಾನು ಇಪ್ಪತ್ತಾರು ದಿನ ಬಿಟ್ಟೆ. ದಿನಾ ಬೆಳಿಗ್ಗೆ ಕೊಡ ತುಂಬಿ ಅದರ ಹತ್ತಿರ ಹೋಗಿ, ತಿರುಗಿ ಬಂದು ಕೊಡವನ್ನು ಬಚ್ಚಲಲ್ಲಿ ಇಡುತ್ತಿದ್ದೆ. ನೀವು ಹೇಳಿದ್ದು ನಿಜವಿರಬಹುದೇ ಎಂಬ ಅನುಮಾನ ನನಗೂ ಇತ್ತು. ಅದು ತಾನಾಗಿ ಸತ್ತರೆ ನಾನು ಕಿತ್ತ ಹಾಗೂ ಆಗುವುದಿಲ್ಲ, ಮಗಳೂ ಬರುತ್ತಾಳೆ ಎಂದು ಕಾದೆ. ಗಿಡ ಸಾಯಲಿಲ್ಲ. ಇಪ್ಪತ್ತೇಳನೆಯ ದಿನ ನೀರು ಹಾಕಿದೆ.

ಇನ್ನೊಂದು ಮಾತು. ನೀವು ಬೈದು ಬರೆದಾಗಲೆಲ್ಲ ನನಗೆ ಮೈಯಲ್ಲಿ ಶಕ್ತಿ ಬರುತ್ತಿತ್ತು. ನಿಮಗೆ ಏನು ಉತ್ತರ ಬರೆಯಬೇಕು ಎಂಬುದರಲ್ಲೇ ದಿನ ಹೋಗುತ್ತಿತ್ತು. ಈಗ ನೀವು ಬಿಟ್ಟುಕೊಟ್ಟಿರಿ. ನಿನ್ನೆಯಿಂದ ನನ್ನ ಕಣ್ಣೆದುರಿಗೆ ಗಿಡವಿಲ್ಲ, ನೀವಿಲ್ಲ. ಆ ಕೂಸು ಮಾತ್ರ ಇದೆ. ನೀವು ನೋಡದ ಅವಳ ಮುಖ ಉದ್ದನೆಯದು, ಹಣೆ ಅಗಲ, ಎಡಗಿವಿಯ ಹಿಂದೆ ಒಂದು ಸಣ್ಣ ಮಚ್ಚೆಯಿತ್ತು. ಬಣ್ಣ ನಿಮ್ಮದು. ಎರಡನೆಯ ದಿನ ಒಮ್ಮೆ ನನ್ನ ಬೆರಳು ಹಿಡಿದು ಬಹಳ ಹೊತ್ತು ಬಿಡಲಿಲ್ಲ. ನಿಮಗೋಸ್ಕರ ಕಾಯದೆ ಕಳಿಸಿಬಿಟ್ಟದ್ದು ನನ್ನ ತಪ್ಪು. ಬಿಸಿಲು ಒಂದು ನೆಪವಾಗಿತ್ತು. ನಿಮ್ಮ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಶುಕ್ರವಾರ ಮೊದಲ ಮೋಟಾರಿಗೆ ಬರುತ್ತೇನೆ. ಬರಬೇಡಿ ಎಂದರೂ ಬರುತ್ತೇನೆ. ಮೀರಾ ನನ್ನೊಡನೆ ಮಾತಾಡದಿದ್ದರೆ ಬೇಡ, ಅವಳಿಗೂ ಕೂಸಿಗೂ ಎರೆದು ಮಲಗಿಸಿದ ಮೇಲೆ ನೀವು ನಿಮ್ಮ ಪಡಸಾಲೆಯಲ್ಲಿ ನನ್ನ ಹತ್ತಿರ ಕೂತುಕೊಳ್ಳಿ. ಹೋದ ಕೂಸಿಗಾಗಿ ನಾವಿಬ್ಬರೂ ಒಂದು ಸಲವೂ ಅತ್ತಿಲ್ಲ. ಮೂರು ವರ್ಷ ಬರೀ ಜಗಳವಾಡಿದ್ದೇವೆ.

ನಿಮ್ಮ ಬೀಗತಿ
ಯಶೋದಾ